ಘಟ್ಟ ಇಳಿದು ಬಂದವರು, ಎರಡು ರಾತ್ರಿ ರೈಲಿನಲ್ಲಿ ಬಂದವರು: ಪಣಜಿಯಲ್ಲಿ ಕಲಿತ ಪಾಠಗಳು

ಪಣಜಿ ಸುತ್ತಮುತ್ತಲಿನ ವಲಸೆ ಕುಟುಂಬಗಳಿಗೆ ಕಟ್ಟಡ ಕಾರ್ಮಿಕರ ನೋಂದಣಿ, ರೇಷನ್ ಕಾರ್ಡು, ಮಕ್ಕಳ ಶಾಲಾ ದಾಖಲಾತಿ, ಆಸ್ಪತ್ರೆಯ ಕಾಗದಪತ್ರ ಮಾಡಿಸಿಕೊಡುವುದು ನನ್ನ ಕೆಲಸ. ಚಿಂಬಲದ ಇಂದಿರಾನಗರ, ತಾಳಗಾಂವ್ ಬಳಿಯ ಕಾಮ್ರಾಭಾಟ್, ಮಾಂಡೋವಿಯ ಆಚೆ ದಡದ ಮಾಲಿಂ ಜೆಟ್ಟಿ, ಪರ್ವರಿಯಲ್ಲಿ ಏಳುತ್ತಿರುವ ಕಟ್ಟಡಗಳ ಬದಿಯ ತಗಡಿನ ಶೆಡ್ಡುಗಳು, ಇವೇ ನನ್ನ ಓಡಾಟದ ಜಾಗಗಳು. ಒಂದು ಕಡೆ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ, ಬೆಳಗಾವಿ ಜಿಲ್ಲೆಗಳಿಂದ ಬಂದ ನಮ್ಮವರು. ಇನ್ನೊಂದು ಕಡೆ ಜಾರ್ಖಂಡ್, ಒಡಿಶಾ, ಬಿಹಾರದಿಂದ ಬಂದ ಹುಡುಗರು. ಇವರಿಬ್ಬರನ್ನು ಹೋಲಿಸಿ ಮಾತಾಡುವವರು ಗೋವಾದಲ್ಲಿ ಬಹಳ ಜನ: ಗುತ್ತಿಗೆದಾರರು, ಮನೆ ಮಾಲೀಕರು, ಪ್ರಬಂಧ ಬರೆಯಲು ಬರುವ ವಿದ್ಯಾರ್ಥಿಗಳು, ನಮ್ಮ ಕನ್ನಡ ಸಂಘಗಳವರೂ ಕೂಡ. ಮಾತು ಬೇಗನೆ ಸ್ವಭಾವದ ಕಡೆ ಹೊರಳಿಬಿಡುತ್ತದೆ. ಇವರು ಕಷ್ಟಜೀವಿಗಳು, ಅವರು ಸೋಮಾರಿಗಳು; ಇವರು ಕುಡಿಯುತ್ತಾರೆ, ಅವರು ಉಳಿಸುತ್ತಾರೆ. ನನಗೆ ಕಂಡದ್ದು ಬೇರೆ. ಯಾವಾಗ ಬಂದರು, ಯಾವ ದಾರಿಯಲ್ಲಿ ಬಂದರು, ಯಾರ ಜೊತೆ ಬಂದರು, ಕೈಯಲ್ಲಿ ಯಾವ ಕಾಗದ ಇತ್ತು ಎಂದು ಕೇಳಿದರೆ ಎರಡು ಸಮುದಾಯಗಳ ಅಂತರ ಬಹುಪಾಲು ಅಲ್ಲೇ ಬಿಡಿಸಿಕೊಳ್ಳುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಬಂದ ವರ್ಷವನ್ನು ಮೊದಲು ಕೇಳಿ

1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆ ಮುಗಿದ ಮೇಲೆ ಗೋವಾದಲ್ಲಿ ಕಟ್ಟುವ ಕೆಲಸ ಒಮ್ಮೆಲೇ ಶುರುವಾಯಿತು. ರಸ್ತೆ, ಶಾಲೆ, ಸರಕಾರಿ ಕಚೇರಿ, 1970ರಲ್ಲಿ ಮಾಂಡೋವಿಗೆ ಸೇತುವೆ, 1973ರಲ್ಲಿ ಝುವಾರಿನಗರದ ಗೊಬ್ಬರ ಕಾರ್ಖಾನೆ, ಮುರಗಾಂವ್ ಬಂದರಿನಲ್ಲಿ ಅದಿರು ತುಂಬುವ ಕೆಲಸ. ಅದೇ ಹೊತ್ತಿಗೆ ಘಟ್ಟದ ಮೇಲೆ 1972ರ ಸುತ್ತಿನ ಬರ. ಗುಳೆ ಹೊರಟವರಿಗೆ ಗೋವಾ ಹತ್ತಿರದ ಊರು. ಗಂಡಹೆಂಡತಿ ಜೋಡಿಯಾಗಿ ಬಂದರು, ಕಲ್ಲು ಒಡೆದರು, ಬುಟ್ಟಿ ಹೊತ್ತರು, ಕೆಲಸದ ಜಾಗದ ಪಕ್ಕದಲ್ಲೇ ಜೋಪಡಿ ಹಾಕಿಕೊಂಡರು. ಆಗ ಪಡ ಬಿದ್ದ ಜಾಗ ಇತ್ತು, ಕೇಳುವವರು ಕಡಿಮೆ ಇದ್ದರು. ಜೋಪಡಿ ಹೋಗಿ ಜಂಬಿಟ್ಟಿಗೆ ಕಲ್ಲಿನ ಗೋಡೆ ಬಂತು, ಆಮೇಲೆ ಕರೆಂಟು, ಮೇಲೊಂದು ಖೋಲಿ.

ಜಾರ್ಖಂಡ್, ಒಡಿಶಾದವರು ದೊಡ್ಡ ಸಂಖ್ಯೆಯಲ್ಲಿ ನನಗೆ ಕಾಣಸಿಗತೊಡಗಿದ್ದು ಬಹಳ ತಡವಾಗಿ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಇವರು ಬರುವ ಹೊತ್ತಿಗೆ ಜಾಗದ ಬೆಲೆ ಆಕಾಶಕ್ಕೆ ಏರಿತ್ತು, ಹೊಸ ಗುಡಿಸಲು ಎದ್ದರೆ ಮರುದಿನವೇ ಪಂಚಾಯಿತಿಗೆ ದೂರು ಹೋಗುವ ಕಾಲ ಬಂದಿತ್ತು. ನಲವತ್ತು ವರ್ಷದ ಹಿಂದೆ ನೆಲೆಯೂರಿದವನಿಗೆ ಸ್ವಂತ ಗೋಡೆ ಇದೆ, ನಾಲ್ಕು ವರ್ಷದ ಹಿಂದೆ ಬಂದವನಿಗೆ ಇಲ್ಲ ಎಂದು ಪಟ್ಟಿ ಮಾಡಿದರೆ ಆ ಪಟ್ಟಿ ಸಮುದಾಯಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. 1980ರಲ್ಲಿ ಬಂದ ಕನ್ನಡದವರನ್ನೂ ಹೋದ ವರ್ಷ ಬಂದ ಕನ್ನಡದವರನ್ನೂ ಪಕ್ಕಪಕ್ಕ ಇಡಿ. ಹೋದ ವರ್ಷ ಬಂದ ಹುನಗುಂದದ ಜೋಡಿಯ ಬದುಕು ಪಕ್ಕದ ಶೆಡ್ಡಿನ ಜಾರ್ಖಂಡದವರ ಬದುಕಿಗೇ ಹೆಚ್ಚು ಹತ್ತಿರ.

2. ಊರಿಗೆ ಹೋಗಿಬರುವ ಖರ್ಚು ಲೆಕ್ಕಕ್ಕೆ ಬರಲಿ

ಚೋರ್ಲಾ ಘಾಟಿನಲ್ಲಿ ಹತ್ತಿದರೆ ಪಣಜಿಯಿಂದ ಬೆಳಗಾವಿ ಅರ್ಧ ದಿನದ ದಾರಿಯೂ ಅಲ್ಲ. ರಾತ್ರಿ ಬಸ್ಸು ಹತ್ತಿದವರು ಬೆಳಗಾಗುವುದರೊಳಗೆ ಬಾಗಲಕೋಟೆ ಕಡೆ ಇಳಿಯುತ್ತಾರೆ. ಬನಶಂಕರಿ ಜಾತ್ರೆ, ಸವದತ್ತಿ ಎಲ್ಲಮ್ಮನ ಹುಣ್ಣಿಮೆ, ಹುಲಿಗೆಮ್ಮನ ಜಾತ್ರೆ, ಮೊಹರಂ, ಯುಗಾದಿ, ಬಿತ್ತನೆ, ಸುಗ್ಗಿ, ಸಾವು, ಸೋಬಾನ ಎಲ್ಲಕ್ಕೂ ಹೋಗಿಬರುತ್ತಾರೆ. ಊರಿನ ಗ್ರಾಮ ಪಂಚಾಯಿತಿ ಚುನಾವಣೆ ಬಂದರೆ ಅಭ್ಯರ್ಥಿಗಳೇ ಗಾಡಿ ಕಳಿಸುತ್ತಾರೆ; ಚಿಂಬಲದ ಕೂಟಿನಲ್ಲಿ ಕ್ರೂಸರ್ ಬಂದು ನಿಂತಿತೆಂದರೆ ಎರಡು ದಿನ ಸುತ್ತಲಿನ ಕೆಲಸಗಳಲ್ಲಿ ಗೌಂಡಿಗಳು ಸಿಗುವುದಿಲ್ಲ.

ರಾಂಚಿ, ಗುಮ್ಲಾ, ಸಿಮ್ದೇಗಾ ಕಡೆಯ ಹುಡುಗರಿಗೆ ಊರೆಂದರೆ ಎರಡು ರಾತ್ರಿಯ ರೈಲು, ಅದರ ಮೇಲೊಂದು ಬಸ್ಸು. ವಾಸ್ಕೊದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗುಂತಕಲ್ಲು, ವಿಜಯವಾಡ ದಾಟಿ ಒಡಿಶಾಕ್ಕೆ ಹೋಗುತ್ತದೆ. ನಮ್ಮವರು ಇಳಿದುಹೋಗುವ ಹುಬ್ಬಳ್ಳಿಯಲ್ಲಿ ಅವರ ಪ್ರಯಾಣ ಸರಿಯಾಗಿ ಶುರುವೂ ಆಗಿರುವುದಿಲ್ಲ. ಜನರಲ್ ಡಬ್ಬಿಯಲ್ಲಿ ನಿಂತು ಹೋಗಿಬರುವ ಖರ್ಚು, ಅಷ್ಟೂ ದಿನ ಕಳೆದುಕೊಳ್ಳುವ ಪಗಾರ ಎರಡನ್ನೂ ಕೂಡಿದರೆ ವರ್ಷಕ್ಕೊಮ್ಮೆ ಹೋದದ್ದೇ ದೊಡ್ಡದು. ಸರಹುಲ್, ಕರಮಾ ಹಬ್ಬಗಳನ್ನು ಅವರು ಶೆಡ್ಡಿನಲ್ಲೇ ಫೋನಿನ ವಿಡಿಯೊದಲ್ಲಿ ನೋಡುತ್ತಾರೆ.

ಈಗ ಗುತ್ತಿಗೆದಾರನ ಮಾತಿಗೆ ಬರೋಣ. ಬೆಳಿಗ್ಗೆ ಏಳಕ್ಕೆ ಒಂದು ಸೈಟಿನಲ್ಲಿ ನಿಂತಿದ್ದಾಗ ಕುಷ್ಟಗಿ ಕಡೆಯ ಗೌಂಡಿಯೊಬ್ಬ ಬಂದು, "ಸಾಹೇಬ್ರ, ಊರಾಗ ಜಾತ್ರಿ ಐತ್ರಿ, ಸ್ಲ್ಯಾಬ್ ಮುಂದಿನ ವಾರ ಹಾಕಿದ್ರ ಆಗಂಗಿಲ್ಲೇನ್ರಿ?" ಎಂದು ಕೇಳಿದ. ಗುತ್ತಿಗೆದಾರ ನನ್ನ ಕಡೆ ತಿರುಗಿ, ಅದಕ್ಕೇ ನಾನು ಜಾರ್ಖಂಡದವರನ್ನು ಇಟ್ಟುಕೊಳ್ಳುವುದು, ಅವರಿಗೆ ಶಿಸ್ತಿದೆ ಎಂದ. ಅವನು ಶಿಸ್ತು ಎಂದು ಕರೆದದ್ದು ಹೋಗಲಾರದ ಅಸಹಾಯಕತೆಯನ್ನು. ಬೇಡವೆನಿಸಿದ ದಿನ ಗಂಟುಮೂಟೆ ಕಟ್ಟಿ ಘಟ್ಟ ಹತ್ತಬಲ್ಲವನು ಕೂಲಿಯ ಬಗ್ಗೆ ಚೌಕಾಸಿ ಮಾಡುತ್ತಾನೆ. ಎರಡು ರಾತ್ರಿ ದೂರದವನು, ಅದೂ ಠೇಕೇದಾರನಿಂದ ಉಚಲ್ (ಮುಂಗಡ) ಪಡೆದು ಬಂದವನು, ಕೊಟ್ಟದ್ದಕ್ಕೆ ಒಪ್ಪುತ್ತಾನೆ.

ಮಾಲಿಂ ಜೆಟ್ಟಿಯಲ್ಲಿ ಇದು ಇನ್ನೂ ಸ್ಪಷ್ಟ. ಟ್ರಾಲರ್‌ಗಳ ಮೇಲೆ ದುಡಿಯುವ ಖಲಾಸಿಗಳಲ್ಲಿ ಒಡಿಶಾ, ಜಾರ್ಖಂಡದವರು ಬಹಳ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಆಗ ಮಾತ್ರ ಊರು. ಉಳಿದ ಹತ್ತು ತಿಂಗಳು ದೋಣಿಯೇ ಮನೆ. 2020ರ ಲಾಕ್‌ಡೌನಿನಲ್ಲಿ ಅವರು ದಡದಲ್ಲಿ ಕಟ್ಟಿಹಾಕಿದ ದೋಣಿಗಳ ಮೇಲೆಯೇ ವಾರಗಟ್ಟಲೆ ಕೂತರು. ಆ ಮೇ ತಿಂಗಳಲ್ಲಿ ನಮ್ಮವರು ಬಸ್ಸಿನಲ್ಲೋ, ಗೂಡ್ಸ್ ಗಾಡಿಯಲ್ಲೋ, ಕೆಲವರು ನಡೆದುಕೊಂಡೋ ಗಡಿ ಮುಟ್ಟಿದರು. ಉತ್ತರ, ಪೂರ್ವದವರು ಶ್ರಮಿಕ ರೈಲಿನ ಪಟ್ಟಿಯಲ್ಲಿ ಹೆಸರು ಬರಲಿ ಎಂದು ಕಾದರು.

3. ತಲೆ ಎಣಿಸಬೇಡಿ, ಒಲೆ ಎಣಿಸಿ

ಪರ್ವರಿಯ ಒಂದು ಖೋಲಿಯಲ್ಲಿ ಎಂಟು ಹುಡುಗರು ಮಲಗುತ್ತಾರೆ. ಒಂದೇ ಸಿಲಿಂಡರು, ಸರದಿಯಲ್ಲಿ ಅಡುಗೆ. ತಲೆಗೆ ಬಿದ್ದ ಬಾಡಿಗೆ ತೀರ ಕಡಿಮೆ, ಗಳಿಕೆಯ ಬಹುಪಾಲು ಊರಿಗೆ ಹೋಗುತ್ತದೆ. ಕಾಮ್ರಾಭಾಟದ ಖೋಲಿಯಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು, ಒಬ್ಬ ಅತ್ತೆ. ಗಳಿಸುವವರು ಇಬ್ಬರು, ತಿನ್ನುವವರು ಆರು. ಶಾಲೆಯ ಪುಸ್ತಕ, ಔಷಧ, ಹಬ್ಬ ಎಲ್ಲ ಇಲ್ಲಿಯೇ. ತಲಾ ಆದಾಯ, ತಲಾ ಉಳಿತಾಯ ತೆಗೆದರೆ ಹುಡುಗರು ಮೇಲಿರುತ್ತಾರೆ. ಆದರೆ ಅವರ ಮನೆ ಖರ್ಚು ಸಾವಿರಾರು ಕಿಲೋಮೀಟರ್ ಆಚೆ ನಡೆಯುತ್ತಿದೆ, ನಮ್ಮ ಫಾರ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಒಂಟಿಯಾಗಿ ಬಂದವರಿಗೂ ಕುಟುಂಬ ಸಮೇತ ನೆಲೆಸಿದವರಿಗೂ ಇರುವ ಈ ಅಂತರವನ್ನು ಜಗತ್ತಿನ ಬೇರೆ ಕಡೆಯೂ ನೋಡಬಹುದು. ಪಶ್ಚಿಮ ಜರ್ಮನಿ 1968ರಲ್ಲಿ ಯುಗೊಸ್ಲಾವಿಯಾದ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಕೆಲ ವರ್ಷ ದುಡಿದು ಹಿಂತಿರುಗುವ ಅತಿಥಿಗಳು ಎಂಬ ಲೆಕ್ಕದಲ್ಲಿ ಅವರು ಒಂಟಿಯಾಗಿ ಬಂದರು, ಕಂಪನಿಯ ವಸತಿಗಳಲ್ಲಿ ಇದ್ದರು. ಡೊಮಿನಿಕನ್ ಗಣರಾಜ್ಯದವರು ನ್ಯೂಯಾರ್ಕಿಗೆ ಬಂದ ದಾರಿ ಬೇರೆ. ಸರ್ವಾಧಿಕಾರಿ ಟ್ರುಹಿಯೊ 1961ರಲ್ಲಿ ಹತನಾದ ಮೇಲೆ ದೇಶ ಬಿಡುವ ಬಾಗಿಲು ತೆರೆಯಿತು. ಅಮೆರಿಕದ 1965ರ ಹೊಸ ವಲಸೆ ಕಾನೂನು ರಕ್ತಸಂಬಂಧಿಗಳಿಗೆ ಆದ್ಯತೆ ಕೊಟ್ಟಿತು. ಹಾಗಾಗಿ ಅಣ್ಣನ ಹಿಂದೆ ತಂಗಿ, ತಂಗಿಯ ಹಿಂದೆ ತಾಯಿ ಎಂದು ಬಂದು ವಾಷಿಂಗ್ಟನ್ ಹೈಟ್ಸ್ ಬಡಾವಣೆಯಲ್ಲಿ ನೆಲೆಸಿದರು. ಈ ಎರಡನ್ನು ತಲಾ ಗಳಿಕೆಯಲ್ಲಿ ಹೋಲಿಸಿ ಯುಗೊಸ್ಲಾವಿಯಾದವರು ಮುಂದು ಎಂದರೆ ಅರ್ಥವಿದೆಯೇ? 1973ರಲ್ಲಿ ಜರ್ಮನಿ ಹೊಸ ನೇಮಕ ನಿಲ್ಲಿಸಿತು. ಒಮ್ಮೆ ಬಿಟ್ಟು ಹೋದರೆ ಮತ್ತೆ ಬರಲಾಗದು ಎಂದು ಅನೇಕರು ಉಳಿದುಕೊಂಡರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅತಿಥಿಗಳು ಅಲ್ಲಿಯ ನಿವಾಸಿಗಳಾದರು. ಪರ್ವರಿಯ ಎಂಟು ಹುಡುಗರಲ್ಲಿ ಇಬ್ಬರು ಈಗಾಗಲೇ ಬೇರೆ ಖೋಲಿ ಹುಡುಕುತ್ತಿದ್ದಾರೆ, ಮದುವೆಯಾಗಿದೆ. ಮುಂದಿನ ಸಲ ಅವರ ಹೆಸರು ಕುಟುಂಬದ ಪಟ್ಟಿಯಲ್ಲಿ ಇರುತ್ತದೆ.

4. ಕಾಗದದ ಚೀಲವನ್ನು ಬಿಚ್ಚಿಸಿ ನೋಡಿ

ಚಿಂಬಲದ ಹಳೆಯ ಮನೆಗಳಲ್ಲಿ ಕಪಾಟಿನ ಮೇಲೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರುತ್ತದೆ. ಹಳೆಯ ಕರೆಂಟು ಬಿಲ್ಲು, ಮನೆಪಟ್ಟಿಯ ರಸೀದಿ, ಮಗನ ಶಾಲೆ ಬಿಟ್ಟ ದಾಖಲೆ, ಮಗಳು ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿದ ಪ್ರಮಾಣಪತ್ರ, ಮತದಾರರ ಚೀಟಿ, ಇವೆಲ್ಲ ಅದರಲ್ಲಿ. ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗಿದರೆ ಮೊದಲು ಎತ್ತುವುದು ಅದನ್ನೇ. ಗೋವಾದಲ್ಲಿ ಸರಕಾರಿ ಕೆಲಸಕ್ಕೆ 15 ವರ್ಷದ ವಾಸದ ದಾಖಲೆ ಬೇಕು, ಆ ಹದಿನೈದು ವರ್ಷವನ್ನು ಈ ಚೀಲವೇ ಸಾಬೀತು ಮಾಡಬೇಕು. ಜಾರ್ಖಂಡದ ಹುಡುಗನಿಗೆ ಎಲ್ಲವೂ ಮೊಬೈಲಿನಲ್ಲಿ: ಆಧಾರಿನ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ. ಫೋನು ಕಳೆದರೆ ಗುರುತೂ ಕಳೆಯಿತು. ಗೋವಾ ಅವನಿಗೆ ಮೊದಲು ಕೊಡುವ ಕಾಗದವೆಂದರೆ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ ಕೊಡುವ ಕಾರ್ಮಿಕರ ಆರೋಗ್ಯ ಕಾರ್ಡು.

ಕಟ್ಟಡ ಕಾರ್ಮಿಕರ 1996ರ ಕಾನೂನಿನಂತೆ ನೋಂದಣಿಗೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾಗದದ ಮೇಲೆ ಇಬ್ಬರೂ ಅರ್ಹರು. ಆದರೆ ತೊಂಬತ್ತು ದಿನವನ್ನು ಯಾರಾದರೂ ಬರೆದುಕೊಡಬೇಕಲ್ಲ. ನಾಕಾದಲ್ಲಿ ನಿಂತು ದಿನಕ್ಕೊಬ್ಬ ಮಾಲೀಕನ ಹತ್ತಿರ ಹೋಗುವ ನಮ್ಮ ಕೂಲಿಗೆ ಬರೆದುಕೊಡುವವರಿಲ್ಲ. ಒಂದೇ ಸೈಟಿನಲ್ಲಿ ವರ್ಷವಿಡೀ ಇರುವ ಜಾರ್ಖಂಡದವನಿಗೆ ಬರೆದುಕೊಡಬಲ್ಲವನು ಇದ್ದಾನೆ, ಆದರೆ ಹೊಣೆ ಮೈಮೇಲೆ ಬರುತ್ತದೆಂದು ಬರೆದುಕೊಡುವುದಿಲ್ಲ. ನೋಂದಣಿಯ ಅಂಕಿ ಎರಡೂ ಕಡೆ ಕಡಿಮೆ, ಕಾರಣ ಬೇರೆಬೇರೆ.

ಜಾತಿ ಪ್ರಮಾಣಪತ್ರದ ಸಂಗತಿ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸುತ್ತದೆ. ಲಂಬಾಣಿಗರು, ಭೋವಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗೋವಾದ ಪಟ್ಟಿಯಲ್ಲಿ ಭಂಗಿ, ಚಾಂಭಾರ, ಮಹಾರ, ಮಹ್ಯಾವಂಶಿ, ಮಾಂಗ್ ಇದ್ದಾರೆ, ಇವರಿಬ್ಬರೂ ಇಲ್ಲ. ಮುಂಡಾ, ಉರಾಂವ್ ಜನ ಜಾರ್ಖಂಡದಲ್ಲಿ ಪರಿಶಿಷ್ಟ ಪಂಗಡ, ಗೋವಾದಲ್ಲಿ ಅವರೂ ಪಟ್ಟಿಯಲ್ಲಿಲ್ಲ; ಇಲ್ಲಿ 2003ರಲ್ಲಿ ಸೇರಿದವರು ಗಾವಡಾ, ಕುಣಬಿ, ವೇಳಿಪ. ವಲಸೆ ಹೋದ ರಾಜ್ಯದಲ್ಲಿ ತವರು ರಾಜ್ಯದ ಮೀಸಲಾತಿ ಸಿಗದು ಎಂದು ಸುಪ್ರೀಂ ಕೋರ್ಟು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಪಣಜಿಯಲ್ಲೇ ಹುಟ್ಟಿ ಬೆಳೆದ ಲಂಬಾಣಿ ಹುಡುಗಿ ಹತ್ತನೇ ಇಯತ್ತೆ ಮುಗಿಸಿದ ಮೇಲೆ ವಿದ್ಯಾರ್ಥಿವೇತನಕ್ಕಾಗಿ ಎಂದೂ ವಾಸ ಮಾಡದ ತಾಂಡಾದ ವಿಳಾಸಕ್ಕೆ ಹೋಗಬೇಕಾಗುತ್ತದೆ. ಇದು ನನ್ನನ್ನು ಬಹಳ ನೋಯಿಸುವ ವಿಷಯ. ದೂರದ ಊರಿನ ಮುಂಡಾ ತಂದೆ ತನ್ನ ಮಕ್ಕಳನ್ನು ಕರೆತಂದೇ ಇಲ್ಲ, ಅವರು ಅಲ್ಲೇ ಓದುತ್ತಿದ್ದಾರೆ, ತಂದೆಯನ್ನು ಕಾಣದೆ. ಯಾರ ನಷ್ಟ ದೊಡ್ಡದೆಂದು ತೂಗಲು ನನಗೆ ಬರುವುದಿಲ್ಲ.

ರೇಷನ್ನಿನಲ್ಲಿ ಮಾತ್ರ ಸ್ವಲ್ಪ ದಾರಿಯಾಗಿದೆ. 2020ರ ಜನವರಿಯಿಂದ ಗೋವಾ, ಕರ್ನಾಟಕ, ಜಾರ್ಖಂಡ್ ಮೂರೂ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿವೆ. ಆದರೂ ಊರಿನಲ್ಲಿ ಅವ್ವ ಅದೇ ಕಾರ್ಡಿನ ಮೇಲೆ ಅಕ್ಕಿ ತರುತ್ತಿದ್ದರೆ ಇಲ್ಲಿ ಹೆಬ್ಬೆಟ್ಟು ಒತ್ತಲು ಮಗ ಹಿಂಜರಿಯುತ್ತಾನೆ.

5. ಜನಗಣತಿಯ ಭಾಷೆ ಕಾಲಮ್ಮನ್ನು ನಂಬುವ ಮೊದಲು

2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ. ಅದರಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ ಐದರ ಹತ್ತಿರ, ಹಿಂದಿಯವರು ಹತ್ತರ ಹತ್ತಿರ. ಹಿಂದಿಯವರೆಲ್ಲ ಉತ್ತರದವರು ಎಂದು ಓದಿಕೊಳ್ಳಬೇಡಿ. ಜನಗಣತಿ ಲಂಬಾಣಿ ನುಡಿಯನ್ನು ಹಿಂದಿಯ ಕೆಳಗೆ ಸೇರಿಸುತ್ತದೆ. ವಿಜಯಪುರದ ತಾಂಡಾದಿಂದ ಬಂದು ಕಲಂಗುಟ್ ಕಡಲದಂಡೆಯಲ್ಲಿ ಮಣಿಸರ ಮಾರುವ ಹೆಣ್ಣುಮಗಳು ತನ್ನ ಮಾತೃಭಾಷೆ ಲಂಬಾಣಿ ಎಂದು ಬರೆಸಿದರೆ ಆಕೆ ಹಿಂದಿಯ ಲೆಕ್ಕಕ್ಕೆ ಹೋಗುತ್ತಾಳೆ. ಇತ್ತ ಮುಂಡಾರಿ, ಒಡಿಯಾ ಮಾತಾಡುವವರು ಹಿಂದಿಯಲ್ಲಿಲ್ಲ. ಭಾಷೆಯನ್ನು ಬಿಟ್ಟು ಜಿಲ್ಲೆಯನ್ನು ಕೇಳಿ.

6. ಹೆಣ್ಣುಮಕ್ಕಳನ್ನು ಬೇರೆಯಾಗಿ, ಬೇರೆ ಹೊತ್ತಿನಲ್ಲಿ ಮಾತಾಡಿಸಿ

ನಮ್ಮ ಕಡೆಯ ಹೆಂಗಸರು ಕಟ್ಟಡದಲ್ಲಿ ಬುಟ್ಟಿ ಹೊತ್ತು, ಸೊಂಟ ನೋವು ಬಂದಮೇಲೆ ಮನೆಗೆಲಸಕ್ಕೆ, ಅಲ್ಲಿಂದ ಕಾಯಿಪಲ್ಲೆ ಹೂವಿನ ವ್ಯಾಪಾರಕ್ಕೆ ದಾಟುತ್ತಾರೆ. ಪಣಜಿಗೆ ಕಾಯಿಪಲ್ಲೆ ಬರುವುದೇ ಬೆಳಗಾವಿಯಿಂದ, ಭಾಷೆ ಬಲ್ಲವಳಿಗೆ ಅದೊಂದು ಅನುಕೂಲ. ಗಂಡನನ್ನು ಕೇಳಿದರೆ "ಆಕಿ ಮನ್ಯಾಗ ಇರ್ತಾಳ್ರಿ" ಎನ್ನುತ್ತಾನೆ. ಆಕೆಯನ್ನು ರಾತ್ರಿ ಎಂಟರ ಮೇಲೆ ಕೇಳಿದರೆ ನಾಲ್ಕು ಮನೆಯ ಹೆಸರು ಹೇಳುತ್ತಾಳೆ. ಕಡಲದಂಡೆಯ ವ್ಯಾಪಾರ ಇನ್ನೂ ಕಷ್ಟ. 2001ರ ಪ್ರವಾಸಿ ತಾಣಗಳ ಕಾನೂನಿನಡಿ ಹೊತ್ತು ಮಾರುವುದು ಅಪರಾಧ, ಹಾಗಾಗಿ ಆ ಗಳಿಕೆಯನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಪೂರ್ವದವರಲ್ಲಿ ಹೆಂಗಸರು ಕಡಿಮೆ ಕಾಣುತ್ತಾರೆ ಎಂದರೆ ಅವರ ಹೆಂಗಸರು ದುಡಿಯುವುದಿಲ್ಲ ಎಂದಲ್ಲ. ಅವರು ಊರಿನ ಹೊಲದಲ್ಲಿದ್ದಾರೆ.

7. ಪಗಾರ ಕೇಳಬೇಡಿ, ಹಾಜರಿ ಪುಸ್ತಕ ಕೇಳಿ

ದಿನಗೂಲಿ ಎಷ್ಟು ಎಂದರೆ ಎಲ್ಲರೂ ಒಳ್ಳೆಯ ದಿನದ ಲೆಕ್ಕ ಹೇಳುತ್ತಾರೆ. ತಿಂಗಳಲ್ಲಿ ಎಷ್ಟು ದಿನ ಸಿಕ್ಕಿತು, ಮಳೆಗಾಲದಲ್ಲಿ ಎಷ್ಟು, ಉಚಲ್ ಎಷ್ಟು ಮುರಿದುಕೊಂಡರು ಎಂಬುದು ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಇರುತ್ತದೆ. ಮಾಲಿಂನಲ್ಲಿ ನಾನು ಕಂಡ ಕೆಲವು ದೋಣಿಗಳಲ್ಲಿ ಲೆಕ್ಕ ಮುಗಿಯುವುದು ಮೇ ಕೊನೆಗೆ, ಹುಡುಗರು ಊರಿಗೆ ಹೊರಡುವ ಮುನ್ನ. ಆ ವಾರ ಅಲ್ಲಿರಬೇಕು.

8. ಒಕ್ಕಲೆಬ್ಬಿಸುವ ಭಯ, ಮಾತಾಡುವ ದನಿ

2004ರ ಜೂನ್‌ನಲ್ಲಿ ವಾಸ್ಕೊದ ಬೈನಾ ಕಡಲದಂಡೆಯ ಗುಡಿಸಲುಗಳನ್ನು ಹೈಕೋರ್ಟಿನ ಆದೇಶದ ಮೇಲೆ ಕೆಡವಿದರು. ವೇಶ್ಯಾವಾಟಿಕೆ ತೆಗೆಯುವ ಹೆಸರಿನ ಆ ಕಾರ್ಯಾಚರಣೆಯಲ್ಲಿ ಬೇರೆ ದುಡಿಮೆ ಮಾಡಿಕೊಂಡಿದ್ದ ಕುಟುಂಬಗಳೂ ಮಳೆಯಲ್ಲಿ ಬೀದಿಗೆ ಬಿದ್ದವು, ಅವರಲ್ಲಿ ಕನ್ನಡದವರು ಬಹಳ ಜನ. 2015ರಲ್ಲಿ ಅಲ್ಲಿ ಮತ್ತೆ ಮನೆಗಳು ಉರುಳಿದವು. ಆಗ ಕರ್ನಾಟಕದಲ್ಲಿ ಗದ್ದಲವಾಯಿತು, ಪತ್ರಿಕೆಗಳು ಬರೆದವು, ಸಂಘಗಳು ಮನವಿ ಕೊಟ್ಟವು. ಪಕ್ಕದ ರಾಜ್ಯದವರಿಗೆ ಆ ಒಂದು ಬಲ ಇದೆ. ಗೋವಾದ ಚುನಾವಣೆಯಲ್ಲಿ ನಮ್ಮವರ ಮತ ಕೇಳಲು ಘಟ್ಟದ ಮೇಲಿನ ಶಾಸಕರು ಇಳಿದು ಬರುತ್ತಾರೆ.

ಅದೇ ನೆರೆತನಕ್ಕೆ ತೆರಬೇಕಾದ ಬೆಲೆಯೂ ಇದೆ. ಎರಡು ರಾಜ್ಯಗಳ ನಡುವಿನ ಮಹದಾಯಿ ನದಿ ನೀರಿನ ವಿವಾದ ಬಿಸಿಯಾದಾಗಲೆಲ್ಲ ಗಡಿಯಲ್ಲಿ ಬಸ್ಸುಗಳು ನಿಲ್ಲುತ್ತವೆ, ಮಾರ್ಕೆಟ್ಟಿನಲ್ಲಿ ಕನ್ನಡ ಮಾತಾಡಲು ಜನ ಅಳುಕುತ್ತಾರೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಾಗ ಇಲ್ಲಿಯ ಗೌಂಡಿಗೆ ಒಂದು ಹನಿಯೂ ಬರಲಿಲ್ಲ, ಸಿಟ್ಟನ್ನು ಮಾತ್ರ ಅವನು ಎದುರಿಸಿದ. ಜಾರ್ಖಂಡದವನಿಗೆ ಈ ಕಾಟವಿಲ್ಲ, ಆದರೆ ಸೈಟಿನಲ್ಲಿ ಬಿದ್ದು ಸತ್ತರೆ ಶವ ಊರಿಗೆ ಕಳಿಸುವುದು ಹೇಗೆಂದು ಕೇಳುವ ಸಂಘವೂ ಇಲ್ಲ. ರಾತ್ರೋರಾತ್ರಿ ಹಣ ಕೂಡಿಸುವವರು ಜೊತೆಯ ಹುಡುಗರೇ.

9. ಬಿಟ್ಟು ಬಂದ ಭೂಮಿ

ಬಾದಾಮಿ, ಹುನಗುಂದ ಕಡೆಯವರಲ್ಲಿ ಅನೇಕರಿಗೆ ಒಂದೆರಡು ಎಕರೆ ಮಳೆ ನಂಬಿದ ಹೊಲ ಇದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ ಪರಿಹಾರ ಕರಗಿದ ಮೇಲೆ ಬಂದವರೂ ಇದ್ದಾರೆ. ಜಾರ್ಖಂಡದವರನ್ನು ಕೇಳಿದರೆ ಅಣೆಕಟ್ಟು, ಗಣಿ ಎಂಬ ಮಾತು ಅಲ್ಲಿಂದಲೂ ಬರುತ್ತದೆ. ಈ ಪ್ರಶ್ನೆ ಕೇಳಿದಾಗ ಇಬ್ಬರ ಮುಖವೂ ಒಂದೇ ರೀತಿ ಗಂಭೀರವಾಗುತ್ತದೆ. ಇದನ್ನು ಕೊನೆಗೆ ಕೇಳಿ, ಸಮಯ ಇಟ್ಟುಕೊಂಡು ಕೇಳಿ.

10. ಎರಡು ಸಮುದಾಯಗಳ ನಡುವಿನ ವ್ಯವಹಾರ

ಬಹಳ ಅಧ್ಯಯನಗಳು ಇವರನ್ನು ಎರಡು ಕಾಲಮ್ಮಿನಲ್ಲಿ ಬರೆದು ಮುಗಿಸುತ್ತವೆ. ಆದರೆ ಚಿಂಬಲದಲ್ಲಿ ಮೇಲೆ ಕಟ್ಟಿದ ಖೋಲಿಯನ್ನು ಕನ್ನಡದ ಕುಟುಂಬ ಬಾಡಿಗೆಗೆ ಕೊಟ್ಟಿರುವುದು ಜಾರ್ಖಂಡದ ಹುಡುಗರಿಗೆ. ಅವರ ಸೆಂಟ್ರಿಂಗ್ ಕೆಲಸದ ಮೇಸ್ತ್ರಿ ಎಷ್ಟೋ ಕಡೆ ಇಲ್ಲೇ ಹುಟ್ಟಿದ ಕನ್ನಡದವನು, ಕೊಂಕಣಿ ಹಿಂದಿ ಎರಡನ್ನೂ ನೀರು ಕುಡಿದಂತೆ ಮಾತಾಡುವವನು. ಸಾಲದ ಮೇಲೆ ಅಕ್ಕಿಬೇಳೆ ಕೊಡುವ ಅಂಗಡಿ ಗದಗಿನವರದು. ಹಿಂದಿನ ತಲೆಮಾರು ಗುತ್ತಿಗೆದಾರನಿಂದ ಕಂಡ ದರ್ಪವನ್ನು ಕೆಲವರು ಈಗ ಇವರ ಮೇಲೆ ತೋರಿಸುತ್ತಾರೆ, ಇನ್ನು ಕೆಲವರು ಜ್ವರ ಬಂದವನಿಗೆ ಗಂಜಿ ಕಾಸಿ ಕೊಡುತ್ತಾರೆ. ಎರಡನ್ನೂ ಒಂದೇ ಓಣಿಯಲ್ಲಿ ನೋಡಿದ್ದೇನೆ.

ನನ್ನ ಸದ್ಯದ ತೊಡಕು ಇರುವುದೂ ಇಲ್ಲೇ. ಬಾಡಿಗೆಗಿದ್ದವರ ಪರಿಶೀಲನೆ ಅರ್ಜಿಯನ್ನು ಮನೆಯವರು ಪೊಲೀಸ್ ಠಾಣೆಗೆ ಕೊಡಬೇಕು. ತಮ್ಮ ಮೇಲಿನ ಖೋಲಿಗೇ ಪರವಾನಗಿ ಇಲ್ಲದ ಕಾರಣ ನಮ್ಮವರು ಅದನ್ನು ಬರೆದುಕೊಡಲು ಹೆದರುತ್ತಾರೆ, ಬಾಡಿಗೆ ಕರಾರೂ ಮಾಡುವುದಿಲ್ಲ. ಕರಾರಿಲ್ಲದೆ ಹುಡುಗರಿಗೆ ವಾಸದ ದಾಖಲೆ ಇಲ್ಲ, ವಾಸದ ದಾಖಲೆ ಇಲ್ಲದೆ ಹೆಂಡತಿಗೆ ಗ್ಯಾಸು ಸಂಪರ್ಕವಾಗಲಿ ಇಲ್ಲಿಯ ಬೇರೆ ಸವಲತ್ತಾಗಲಿ ಸಿಗುವುದು ಕಷ್ಟ. ಈಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಿದ್ದೇನೆ. ಕರಾರಿನ ಬದಲು ಕಟ್ಟಡ ಕಾರ್ಮಿಕರ ನೋಂದಣಿ ಪುಸ್ತಕವನ್ನೇ ಮೊದಲ ದಾಖಲೆ ಮಾಡಿಕೊಳ್ಳಬಹುದೇ ಎಂದು ನೋಡುತ್ತಿದ್ದೇವೆ. ತೊಂಬತ್ತು ದಿನದ ಕೆಲಸದ ಪತ್ರಕ್ಕೆ ಸಹಿ ಹಾಕಲು ಕನ್ನಡದ ಮೇಸ್ತ್ರಿಗಳಲ್ಲಿ ಕೆಲವರು ಒಪ್ಪಿದ್ದಾರೆ.